ಸರೋವರದ ನಗರಕ್ಕೆ ಮೂರನೆಯ ಮೇಜು

ಗಲ್ಫಿನಲ್ಲಿ, ಅಲ್ ಕೂಜ್ ಎಂಬ ಕಾರ್ಖಾನೆಗಳ ಬಡಾವಣೆಯ ನಮ್ಮ ವರ್ಕ್‌ಶಾಪಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ಮರ ಮಾಡುತ್ತಿದ್ದೇನೆ. ಕಿರುಬೆರಳ ಉಗುರಿನಷ್ಟೇ ಎತ್ತರದ ಮರಗಳು. ಇನ್ನೂ ಕಟ್ಟದ ಗೋಪುರಗಳನ್ನು, ವಿಲ್ಲಾಗಳನ್ನು ಮೇಜಿನ ಮೇಲೆ ಮಾದರಿಯಾಗಿ ಕಟ್ಟಿಕೊಡುವುದು ನಮ್ಮ ಕಸುಬು. ಫ್ಲ್ಯಾಟ್ ಮಾರುವವರ ಆಫೀಸಿನಲ್ಲಿ ಒಳಗಿನಿಂದ ದೀಪ ಉರಿಯುವ ಪುಟ್ಟ ಪಟ್ಟಣವೊಂದನ್ನು ಇಟ್ಟಿರುತ್ತಾರಲ್ಲ, ಅಂಥದ್ದು. ಗೋಪುರಗಳನ್ನು ಬೇರೆಯವರು ಕಟ್ಟುತ್ತಾರೆ. ಮರ, ನೀರು, ಹುಲ್ಲು, ಮನುಷ್ಯರು ನನ್ನ ಪಾಲಿಗೆ.

ಇಲ್ಲಿಗೆ ಬಂದದ್ದು ರಿಸೆಪ್ಷನಿಸ್ಟ್ ಆಗಿ. ಒಂದು ದಿನ ಮರ ಅಂಟಿಸುವುದಕ್ಕೆ ಜನ ಸಾಲದೆ ಮ್ಯಾನೇಜರ್ ನನ್ನನ್ನೂ ಒಳಗೆ ಕರೆದರು. ಊರಿನಲ್ಲಿ ಶಾಲೆಗೆ ಹೊರಡುವ ಮೊದಲು ದಿನಾ ಮಲ್ಲಿಗೆ ಕಟ್ಟುತ್ತಿದ್ದ ಬೆರಳುಗಳು ನನ್ನವು. ಸಂಜೆಯೊಳಗೆ ಒಂದಿಡೀ ರಸ್ತೆಯ ಎರಡೂ ಬದಿಗೆ ಖರ್ಜೂರದ ಮರ ನೆಟ್ಟು ಮುಗಿಸಿದ್ದೆ. ವಾರ ಕಳೆಯುವುದರೊಳಗೆ ರಿಸೆಪ್ಷನಿಗೆ ಬೇರೆ ಹುಡುಗಿ ಬಂದಳು.

ಅಜ್ಟೆಕ್ ಜನರ ನಗರವನ್ನು ಕಟ್ಟಬೇಕೆಂಬ ಆರ್ಡರ್ ಬಂದದ್ದು ಕಳೆದ ವರ್ಷದ ಚಳಿಗಾಲದಲ್ಲಿ. ಅಬುಧಾಬಿಯಲ್ಲಿ ಮಕ್ಕಳಿಗಾಗಿ ಒಂದು ಪ್ರದರ್ಶನ ನಡೆಯಲಿತ್ತು. ನೀರಿನ ಮೇಲೆ ಕಟ್ಟಿದ ಹಳೆಯ ನಗರಗಳ ಬಗ್ಗೆ. ಅದನ್ನು ಯೋಜಿಸಿದ ಡಿಸೈನರ್ ನಮಗೆ ಕೊಟ್ಟದ್ದು ಎರಡು ದೊಡ್ಡ ಮೇಜುಗಳ ಕೆಲಸ. ಮೊದಲನೆಯದರಲ್ಲಿ ಅಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್ ತನ್ನ ವೈಭವದ ದಿನಗಳಲ್ಲಿ. ಎರಡನೆಯದರಲ್ಲಿ ಅದೇ ನಗರ ಸ್ಪೇನಿನವರ ಕೈಗೆ ಬಿದ್ದು ಸುಟ್ಟ ಮೇಲೆ.

ಡ್ರಾಯಿಂಗ್ ಬಿಡಿಸಿ ನೋಡಿದ ಆಚಾರ್ರು ಕನ್ನಡಕ ಹಣೆಗೇರಿಸಿದರು. ಆಚಾರ್ರು ಎಂದರೆ ನಮ್ಮ ವರ್ಕ್‌ಶಾಪಿನ ಹಿರಿಯ ಬಡಗಿ. ಕಾರ್ಕಳದ ಕಡೆಯವರು, ಗಲ್ಫಿಗೆ ಬಂದು ತಲೆ ಪೂರ್ತಿ ಬೆಳ್ಳಗಾದವರು. ಅಲ್ಲಿ ನನ್ನೊಡನೆ ಕನ್ನಡ ಮಾತನಾಡುವವರು ಅವರೊಬ್ಬರೇ.

"ಇದೆಂತದು ಮಾರಾಯ್ತಿ, ಲಿಫ್ಟೇ ಇಲ್ಲದ ಬಿಲ್ಡಿಂಗು," ಎಂದರು. "ಪಾಪದವರು ಇಷ್ಟು ಮೆಟ್ಟಿಲು ಹತ್ತುವುದು ಹೇಗೆ?"

ಅದು ನಗರದ ನಡುವಿನ ಮಹಾ ದೇವಾಲಯ. ಕಡಿದಾದ ಎರಡು ಮೆಟ್ಟಿಲ ಸಾಲುಗಳು, ತುದಿಯಲ್ಲಿ ಎರಡು ಗುಡಿಗಳು. ಒಂದು ಮಳೆಯ ದೇವರಿಗೆ, ಅದಕ್ಕೆ ನೀಲಿ ಬಣ್ಣ. ಇನ್ನೊಂದು ಯುದ್ಧದ ದೇವರಿಗೆ, ಅದಕ್ಕೆ ಕೆಂಪು. ಸುತ್ತ ಬಿಳಿ ಮನೆಗಳು, ಕಾಲುವೆಗಳು, ದೋಣಿಗಳು. ನಗರದ ಸುತ್ತ ಸರೋವರ, ದಡಕ್ಕೆ ಸೇರಿಸುವ ಉದ್ದನೆಯ ದಾರಿಗಳು. ಗಾಜಿನ ಗೋಪುರ ನೋಡಿ ನೋಡಿ ಜಡ್ಡುಗಟ್ಟಿದ್ದ ನನ್ನ ಕಣ್ಣಿಗೆ ಅದು ಹಬ್ಬದಂತಿತ್ತು.

ಮೂರು ವಾರ ಕೆಲಸ ನಡೆದ ಮೇಲೆ ಪರಿಶೀಲನೆಗೆ ಒಬ್ಬ ಹೆಂಗಸು ಬಂದರು. ಮೆಕ್ಸಿಕೋದವರು, ಮಿರ್ದಿಫ್‌ನ ಒಂದು ಶಾಲೆಯಲ್ಲಿ ಚಿತ್ರಕಲೆಯ ಟೀಚರ್. ಡಿಸೈನರ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡಿದ್ದರು. ಗಿಡ್ಡ ದೇಹ, ನನ್ನಂತೆಯೇ ಕಂದು ಬಣ್ಣ, ದಪ್ಪ ಜಡೆ. ಬಾಗಿಲಲ್ಲಿ ಕಂಡಾಗ ನಮ್ಮ ಕಡೆಯವರೇ ಇರಬೇಕೆಂದು ನಾನು ಕೊಂಕಣಿಯಲ್ಲಿ ಮಾತನಾಡಿಸುವುದರಲ್ಲಿದ್ದೆ.

ಅವರು ಮೇಜಿನ ಸುತ್ತ ಎರಡು ಸುತ್ತು ಬಂದು, ನಾನು ಬಣ್ಣ ಹಚ್ಚಿದ ಸರೋವರದ ತಳದ ಮುಂದೆ ನಿಂತರು.

"ನಿಮ್ಮ ನೀರೆಲ್ಲ ಒಂದೇ ಬಣ್ಣ," ಎಂದರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಇಬ್ಬರದೂ ಶಾಲೆಯಲ್ಲಿ ಕಲಿತ ಇಂಗ್ಲಿಷ್. "ಪೂರ್ವದ ಕಡೆ ಉಪ್ಪುನೀರು, ಪಶ್ಚಿಮದ ಕಡೆ ಸಿಹಿನೀರು. ನಡುವೆ ಒಂದು ಉದ್ದನೆಯ ಒಡ್ಡು ಇತ್ತು. ಪಕ್ಕದ ಊರಿನ ರಾಜ ಕಟ್ಟಿಸಿಕೊಟ್ಟದ್ದು. ಅದಿಲ್ಲದಿದ್ದರೆ ಈ ತೋಟಗಳೇ ಇಲ್ಲ."

ಡ್ರಾಯಿಂಗಿನಲ್ಲಿ ಒಡ್ಡು ಒಂದು ಸಣ್ಣ ಗೆರೆಯಾಗಿತ್ತು. ನಾನು ಅದನ್ನು ಕಾಗದದ ಮಡಿಕೆ ಎಂದುಕೊಂಡಿದ್ದೆ. ಆದರೆ ಅವರು ಹೇಳಿದ ಕೂಡಲೇ ಅರ್ಥವಾಯಿತು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ಹತ್ತಾರು ಮನೆಗಳ ನೆಲ. ಮಳೆಗಾಲ ಮುಗಿದು ಹೊಳೆ ಸಣ್ಣದಾದರೆ ಸಮುದ್ರದ ಉಪ್ಪುನೀರು ಭರತದಲ್ಲಿ ಮೇಲೇರುತ್ತದೆ. ಗದ್ದೆಗೆ ನುಗ್ಗದಂತೆ ಹಲಗೆ, ಮಣ್ಣು ಹಾಕಿ ಕಟ್ಟ ಕಟ್ಟಬೇಕು. ಪ್ರತಿ ವರ್ಷ ಊರಿನವರೆಲ್ಲ ಸೊಂಟಮಟ್ಟ ನೀರಿಗಿಳಿಯುತ್ತಿದ್ದರು, ನನ್ನ ತಾಯಿ ಸಹ. ಕಟ್ಟ ಒಡೆದ ವರ್ಷ ಬದನೆ ಗಿಡಗಳು ಬುಡದಿಂದಲೇ ಸುಟ್ಟುಹೋದದ್ದನ್ನು ನೋಡಿದವಳು ನಾನು.

ಇದನ್ನೆಲ್ಲ ಹೇಳಿದೆ. ಅವರು ಬ್ಯಾಗನ್ನು ಕೆಳಗಿಟ್ಟು ಸ್ಟೂಲ್ ಎಳೆದುಕೊಂಡು ಕುಳಿತರು.

"ಹಾಗಾದರೆ ನಿಮಗೆ ತೋಟವೂ ಗೊತ್ತಿರಬೇಕು," ಎಂದು ನನ್ನ ಹಸಿರು ಚೌಕಗಳನ್ನು ತೋರಿಸಿದರು. "ಇವು ತೇಲುತ್ತಿವೆ. ಎಲ್ಲರೂ ತೇಲುವ ತೋಟ ಎನ್ನುತ್ತಾರೆ. ಅವು ತೇಲುವುದಿಲ್ಲ."

ಆಳವಿಲ್ಲದ ನೀರಿನಲ್ಲಿ ಗೂಟ ಹೊಡೆದು, ಬೇಲಿ ಹೆಣೆದು, ಒಳಗೆ ಕೆಸರು, ಜೊಂಡು, ಮತ್ತೆ ಕೆಸರು ಹಾಕುತ್ತ ನೀರಿನಿಂದ ಮೇಲೆ ಬರುವವರೆಗೆ ಎತ್ತರಿಸುವುದು. ಮೂಲೆಗಳಲ್ಲಿ ಮರ ನೆಟ್ಟು ಬೇರಿನಿಂದ ಮಣ್ಣು ಹಿಡಿಸುವುದು. ಅದರ ಹೆಸರು ಚಿನಾಂಪ. ಅವರು ಪೆನ್ಸಿಲಿನಲ್ಲಿ ಬರೆದು ತೋರಿಸುವ ಮೊದಲೇ ನನ್ನ ಕೈ ಜೇಡಿಮಣ್ಣಿನ ಮುದ್ದೆಯ ಕಡೆ ಹೋಗಿತ್ತು. ಅಂದು ಸಂಜೆಯೊಳಗೆ ಹಸಿರು ಚೌಕಗಳನ್ನೆಲ್ಲ ಕಿತ್ತು ಹೊಸದಾಗಿ ಆರು ಚಿನಾಂಪ ಮಾಡಿದೆವು. ಆಚಾರ್ರು ಟೂತ್‌ಪಿಕ್ ಸೀಳಿ ಗೂಟ ಮಾಡಿಕೊಟ್ಟರು.

ಆಮೇಲೆ ಟೀಚರ್ ವಾರಕ್ಕೆ ಎರಡು ಮಧ್ಯಾಹ್ನ ಬರತೊಡಗಿದರು. ಅಜ್ಟೆಕರ ಕಥೆ ನನಗೆ ಅವರಿಂದ ತುಂಡು ತುಂಡಾಗಿ ಸಿಕ್ಕಿತು, ನಾನು ಯಾವುದನ್ನು ಕಟ್ಟುತ್ತಿದ್ದೆನೋ ಅದರ ಕಥೆ ಆವತ್ತಿಗೆ. ಅಜ್ಟೆಕರು ತಮ್ಮನ್ನು ಮೆಷಿಕಾ ಎಂದು ಕರೆದುಕೊಳ್ಳುತ್ತಿದ್ದರಂತೆ. ಆ ಕಣಿವೆಗೆ ಎಲ್ಲರಿಗಿಂತ ಕಡೆಗೆ ಬಂದವರು. ಒಳ್ಳೆಯ ನೆಲವೆಲ್ಲ ಆಗಲೇ ಯಾರ್ಯಾರದೋ ಆಗಿತ್ತು. ಅವರಿವರ ಕೈಕೆಳಗೆ ಸೈನಿಕರಾಗಿ ದುಡಿದರು, ಓಡಿಸಿದಲ್ಲಿಂದ ಎದ್ದು ಹೋದರು. ಕೊನೆಗೆ ಉಳಿದದ್ದು ಜೊಂಡು ಬೆಳೆದ, ಯಾರಿಗೂ ಬೇಡವಾದ ಒಂದು ದ್ವೀಪ. ಅಲ್ಲಿ ಪಾಪಾಸುಕಳ್ಳಿಯ ಮೇಲೆ ಹದ್ದು ಕುಳಿತದ್ದನ್ನು ಕಂಡು, ದೇವರು ಹೇಳಿದ ಜಾಗ ಇದೇ ಎಂದು ನಿಂತರು.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಆಚಾರ್ರು ಹಲಗೆಗೆ ಮರಳು ಕಾಗದ ಉಜ್ಜುತ್ತಲೇ ಕೇಳಿದರು.

"ನಿಲ್ಲದೆ ಎಂತ ಮಾಡುವುದು? ಮತ್ತೆ ಹೋಗ್ಲಿಕ್ಕೆ ಜಾಗ ಇಲ್ಲವಲ್ಲ. ಹದ್ದು ಅಲ್ಲ, ಕಾಗೆ ಕೂತಿದ್ರೂ ಅವರು ಅಲ್ಲೇ ನಿಲ್ತಿದ್ರು."

ಟೀಚರಿಗೆ ಅನುವಾದಿಸಿದೆ. ಅವರು ಬಹಳ ಹೊತ್ತು ನಕ್ಕರು.

ಆ ದ್ವೀಪದಲ್ಲಿ ಕಲ್ಲಿಲ್ಲ, ಮರವಿಲ್ಲ. ಮೆಷಿಕಾ ಜನ ಮೀನು, ಕಪ್ಪೆ ಕೊಟ್ಟು ಅದನ್ನೆಲ್ಲ ದಡದವರಿಂದ ತಂದರು. ಹಿಡಿ ಹಿಡಿ ಕೆಸರು ಹಾಕಿ ನೆಲ ಬೆಳೆಸಿದರು. ಎರಡು ನೂರು ವರ್ಷಗಳೊಳಗೆ ಕಣಿವೆಯೆಲ್ಲ ಅವರದು, ಕಣಿವೆಯಾಚೆಯ ಊರುಗಳೂ ಅವರದು. ಬೆಟ್ಟದ ಬುಗ್ಗೆಯಿಂದ ನಗರದ ನಡುವಿಗೆ ಕುಡಿಯುವ ನೀರು ಬರುತ್ತಿತ್ತು. ಆ ಕೊಳವೆಯಲ್ಲಿ ಜೋಡಿ ಹಾದಿ. ಒಂದನ್ನು ತೊಳೆಯುವಾಗ ನೀರು ಇನ್ನೊಂದರಲ್ಲಿ ಹರಿಯುವುದು. ಆಚಾರ್ರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಆ ಜೋಡಿ ಕಾಲುವೆಯನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಊಟದ ಹೊತ್ತಿನಲ್ಲಿ ಒಂದು ದಿನ ನನ್ನ ಡಬ್ಬಿಯಲ್ಲಿ ಸಪೋಟ ಹಣ್ಣು ಕಂಡು ಟೀಚರ್ ಹೆಸರು ಕೇಳಿದರು. ಹೇಳಿದೆ. ಅವರ ಕಣ್ಣು ಅರಳಿತು. "ತ್ಸಪೋತ್ಲ್," ಎಂದರು. ಅದು ಅವರ ಅಜ್ಜಿಯ ಭಾಷೆ ನಾವಾತ್ಲ್‌ನ ಮಾತು, ಅಜ್ಟೆಕರು ಆಡುತ್ತಿದ್ದದ್ದು. ಚಿಕ್ಕು ಎಂದೂ ಕರೆಯುತ್ತೇವೆ ಎಂದೆ. ಅದೂ ಅಲ್ಲಿಯದೇ, ಆ ಮರದ ಅಂಟಿನ ಹೆಸರಿನಿಂದ ಬಂದದ್ದು ಎಂದರು. ಟೊಮೆಟೊ, ಚಾಕಲೇಟ್ ಕೂಡ. ಮೆಣಸಿನಕಾಯಿ ಹುಟ್ಟಿದ್ದೂ ಅಲ್ಲೇ. ನನ್ನ ಡಬ್ಬಿಯೊಳಗಿನ ಕೆಂಪು ಕೋಳಿ ಸಾರನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಮನೆಗೆ ಹೋಗಿ ಮಗಳಿಗೆ ಹೇಳಿದೆ. ಅವಳಿಗೆ ಹನ್ನೆರಡು ವರ್ಷ. ನಾನು ಕೊಂಕಣಿಯಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ.

"ಅಜ್ಟೆಕ್ಸ್? ದೇ ಕಟ್ ಔಟ್ ಪೀಪಲ್ಸ್ ಹಾರ್ಟ್ಸ್, ಮಮ್ಮಿ," ಎಂದು ಫೋನಿನಿಂದ ತಲೆಯೆತ್ತದೆ ಹೇಳಿದಳು.

ಬದುಕಿದ್ದ ಮನುಷ್ಯರ ಹೃದಯ ಕೀಳುತ್ತಿದ್ದರಂತೆ. ಆ ನೀಲಿ ಗುಡಿ, ಕೆಂಪು ಗುಡಿಗಳಿಗೆ ಭೂತಕನ್ನಡಿ ಹಿಡಿದು ಬಣ್ಣ ಹಚ್ಚಿದವಳು ನಾನು. ಮುಂದಿನ ಸಲ ಟೀಚರನ್ನು ನೇರವಾಗಿ ಕೇಳಿಬಿಟ್ಟೆ. ಅವರಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ.

"ಹೌದು, ಮಾಡುತ್ತಿದ್ದರು," ಎಂದರು. "ಆ ಮೆಟ್ಟಿಲುಗಳ ಮೇಲೆಯೇ. ಗೆದ್ದ ಊರುಗಳಿಂದ ಮೆಕ್ಕೆಜೋಳ, ಬಟ್ಟೆ, ಹಕ್ಕಿಯ ಗರಿ ಕಪ್ಪವಾಗಿ ತರಿಸುತ್ತಿದ್ದರು, ಸೆರೆಯಾಳುಗಳನ್ನೂ. ಆ ಊರುಗಳು ಅವರನ್ನು ದ್ವೇಷಿಸುತ್ತಿದ್ದವು. ಸ್ಪೇನಿನವರು ಬಂದಾಗ ಅವರು ಕೆಲವೇ ನೂರು ಜನ. ಅವರ ಜೊತೆ ನಗರದ ಮೇಲೆ ಬಂದವರು ಈ ನೆರೆಯವರೇ, ಸಾವಿರ ಸಾವಿರ ಲೆಕ್ಕದಲ್ಲಿ. ನಾನು ಅದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಆದರೆ ಅದೊಂದನ್ನೇ ಹೇಳಿ ಪಾಠ ಮುಗಿಸುವುದೂ ಇಲ್ಲ."

ನಾನು ಬಣ್ಣ ಹಚ್ಚುವುದನ್ನು ಮುಂದುವರಿಸಿದೆ. ಆದರೆ ಆ ಮೆಟ್ಟಿಲುಗಳನ್ನು ಆಮೇಲೆ ಬೇರೆ ರೀತಿಯಲ್ಲಿ ನೋಡಿದೆ.

ಮೊದಲನೆಯ ಮೇಜಿಗೆ ಉಳಿದದ್ದು ನೀರು ಮಾತ್ರ. ಮಾದರಿಯಲ್ಲಿ ನೀರು ಎಂದರೆ ರೆಸಿನ್, ಜೇನಿನಂತೆ ಮಂದವಾದ ದ್ರವ. ಅದಕ್ಕೆ ಗಟ್ಟಿಯಾಗಿಸುವ ಇನ್ನೊಂದು ದ್ರವ ಬೆರೆಸಿ ಸುರಿದರೆ ಮರುದಿನ ಗಾಜಿನಂತಾಗುತ್ತದೆ. ತೆಳ್ಳಗೆ ಒಂದು ಪದರ ಸುರಿಯಬೇಕು, ಅದು ಆರಿದ ಮೇಲೆ ಇನ್ನೊಂದು. ಒಮ್ಮೆಲೇ ದಪ್ಪವಾಗಿ ಸುರಿದರೆ ಅದು ಒಳಗೊಳಗೇ ಕಾದು ಬಿರಿಯುತ್ತದೆ. ಇದನ್ನು ನಾನೇ ಹೊಸಬರಿಗೆ ಕಲಿಸುವವಳು.

ಆವತ್ತು ಮಗಳ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಗಂಡನಿಗೆ ಹೋಟೆಲಿನಲ್ಲಿ ಡ್ಯೂಟಿ. ಮೂರು ಗಂಟೆಗೆ ನಾನೇ ಹೊರಡಬೇಕಿತ್ತು. ಎರಡು ಪದರದ ರೆಸಿನನ್ನು ಒಂದೇ ಸಲಕ್ಕೆ ಬೆರೆಸಿ ಸುರಿದೆ. ಆಗಿಬಿಡುತ್ತದೆ ಎಂದುಕೊಂಡೆ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಸರೋವರದಿಂದ ಹೊಗೆ ಏಳುತ್ತಿತ್ತು. ಚಟ್ ಎಂದು ಒಂದು ಶಬ್ದ, ಆಮೇಲೆ ಇನ್ನೊಂದು. ನೀರಿನ ನಡುವೆ ಬಿಳಿ ಬಿರುಕು ಓಡಿತು. ಒಡ್ಡು ಮೇಲಕ್ಕೆದ್ದಿತು. ಉತ್ತರದ ಕಡೆಯ ಮನೆಗಳು ಸಾಲಾಗಿ ವಾಲಿ, ಅಂಟು ಕರಗಿ ಒಂದರ ಮೇಲೊಂದು ಮಲಗಿದವು. ಎಲ್ಲ ಸೇರಿ ಕಾಲು ಗಂಟೆ ಹಿಡಿದಿರಬಹುದು.

ಮ್ಯಾನೇಜರ್ ಲೆಬನಾನಿನವರು, ಸಿಟ್ಟು ಬಂದಷ್ಟೂ ದನಿ ತಗ್ಗಿಸುವ ಮನುಷ್ಯ. ಬಂದು ನೋಡಿ ತೀರ ಮೆಲ್ಲಗೆ ಕೇಳಿದರು. "ಯಾರು ಸುರಿದದ್ದು?"

"ನಾನು," ಎಂದೆ. "ಎರಡು ಪದರ ಒಟ್ಟಿಗೆ ಸುರಿದೆ. ಅವಸರವಿತ್ತು."

ಅವರು ಬಿರುಕಿನ ಮೇಲೆ ಬೆರಳು ಓಡಿಸಿದರು. "ಒಂಬತ್ತು ದಿನ ಉಳಿದಿದೆ. ಎರಡು ಮೇಜು."

ಆಚಾರ್ರು ಹಿಂದಿನಿಂದ ಬಂದು ಹಿಂದಿಯಲ್ಲಿ, "ಹೊಸ ಹಲಗೆ ನಾಳೆ ಬೆಳಿಗ್ಗೆ ಸಿದ್ಧ ಇರ್ತದೆ ಸಾರ್," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೀಗ ಮೀಟಿಂಗಿಗೆ ಹೋಗು. ಇಲ್ಲಿ ನಿಂತು ಮೂಗು ಒರೆಸಿಕೊಂಡ್ರೆ ಸರೋವರ ಗುಣ ಆಗ್ಲಿಕ್ಕಿಲ್ಲ. ನಾಳೆ ಬೇಗ ಬಾ."

ಬಸ್ಸಿನಲ್ಲಿ ಕುಳಿತು ಅತ್ತುಬಿಟ್ಟೆ. ಮೀಟಿಂಗಿನಲ್ಲಿ ಟೀಚರುಗಳು ಏನು ಹೇಳಿದರೋ ನೆನಪಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆವು. ಎಲ್ಲರೂ ತಮ್ಮ ಗೋಪುರಗಳನ್ನು ಬದಿಗಿಟ್ಟು ಮನೆ ಅಂಟಿಸಲು ಬಂದರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೆಕ್ಸಿಕೋದ ಟೀಚರೂ ಬಂದರು, ಮೆಕ್ಕೆಜೋಳದ ಹಿಟ್ಟನ್ನು ಅದರ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಿಂಡಿಯ ದೊಡ್ಡ ಪಾತ್ರೆ ಹಿಡಿದುಕೊಂಡು. ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ತಿಂಡಿಯ ಸಿಪ್ಪೆ ಬಿಡಿಸಿದ ಆಚಾರ್ರು, "ಇದು ನಮ್ಮ ಪತ್ತೊಳಿಯ ತಂಗಿ," ಎಂದರು. ಪತ್ತೊಳಿ ಎಂದರೆ ಅರಿಶಿನದ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು ಎಂದು ನಾನು ವಿವರಿಸಿದೆ. ಟೀಚರ್ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತು ಚಿನಾಂಪಗಳ ಮೇಲೆ ಮೆಕ್ಕೆಜೋಳದ ಗಿಡ ನೆಡತೊಡಗಿದರು. ಅವರ ಕೈ ಚುರುಕಾಗಿತ್ತು. ಐದನೆಯ ದಿನ ಮೊದಲ ಮೇಜು ಮುಗಿಯಿತು. ರೆಸಿನನ್ನು ನಾಲ್ಕು ತೆಳು ಪದರಗಳಲ್ಲಿ ಸುರಿದೆ, ಪ್ರತಿ ಪದರದ ಪಕ್ಕದಲ್ಲೂ ಗಡಿಯಾರ ಇಟ್ಟುಕೊಂಡು.

ಉಳಿದದ್ದು ನಾಲ್ಕು ದಿನ, ಎರಡನೆಯ ಮೇಜು. ಹಾಳಾದ ನಗರ. ಮನೆಗಳನ್ನು ಹೊಸದಾಗಿ ಮಾಡುವ ಅಗತ್ಯ ಬೀಳಲಿಲ್ಲ. ವಾಲಿ ಬಿದ್ದ ಮೊದಲ ಮನೆಗಳನ್ನೇ ಎತ್ತಿ ತಂದು ಮುರಿದು, ಕಪ್ಪು ಬಣ್ಣ ಹಚ್ಚಿದೆವು.

ಆ ದಿನಗಳಲ್ಲಿ ಟೀಚರ್ ಕಡಿಮೆ ಮಾತನಾಡುತ್ತಿದ್ದರು. ನಾನು ಕೇಳಿ ಕೇಳಿ ಹೇಳಿಸಿದೆ. ಮೊದಲು ಸ್ಪೇನಿನ ಸೇನಾಪತಿಯನ್ನು ದೊರೆ ಅತಿಥಿಯಾಗಿ ಒಳಗೆ ಕರೆದುಕೊಂಡದ್ದು, ಅತಿಥಿ ದೊರೆಯನ್ನೇ ಸೆರೆಯಲ್ಲಿಟ್ಟದ್ದು. ಜನ ದಂಗೆಯೆದ್ದು ಅವರನ್ನು ಓಡಿಸಿದ್ದು. ಅವರು ಹೋದ ಮೇಲೆ ಸಿಡುಬು ಬಂದದ್ದು.

"ಯಾರ ಮೈಗೂ ಆ ರೋಗದ ಪರಿಚಯ ಇರಲಿಲ್ಲ. ನೀರು ಕೊಡುವುದಕ್ಕೂ ಮನೆಯಲ್ಲಿ ಒಬ್ಬರು ಎದ್ದು ನಿಲ್ಲುವ ಹಾಗಿರಲಿಲ್ಲ," ಎಂದರು.

ಅದರ ಮುಂದಿನ ವರ್ಷ ಸ್ಪೇನಿನವರು ನೆರೆಯ ಊರುಗಳ ದೊಡ್ಡ ಸೈನ್ಯದೊಂದಿಗೆ ಮರಳಿದರು. ಕುಡಿಯುವ ನೀರಿನ ಕಾಲುವೆ ಒಡೆದರು. ಸರೋವರದಲ್ಲಿ ಹಡಗು ಇಳಿಸಿ ದಾರಿಗಳನ್ನು ಮುಚ್ಚಿದರು. ಒಳಗಿನವರು ಎರಡು ತಿಂಗಳಿಗೂ ಮಿಕ್ಕಿ ತಡೆದುಕೊಂಡರು, ಉಪ್ಪುನೀರು ಕುಡಿದು, ಜೊಂಡಿನ ಬೇರು ತಿಂದು. ಹೊರಗಿನವರು ಒಂದೊಂದೇ ಮನೆ ಕೆಡವಿ, ಅದರ ಮಣ್ಣಿನಿಂದಲೇ ಒಂದೊಂದು ಕಾಲುವೆ ತುಂಬಿಸುತ್ತ ಬಂದರು.

ಹಾಳಾದ ಮೇಜಿನಿಂದ ಎತ್ತಿ ತಂದ ತಮ್ಮ ಜೋಡಿ ಕಾಲುವೆಯನ್ನು ಆಚಾರ್ರು ಮುರಿಯಬೇಕಿತ್ತು. ಚಿಕ್ಕ ಸುತ್ತಿಗೆ ಕೈಯಲ್ಲಿ ಹಿಡಿದು ನಿಂತರು. "ಇದಕ್ಕೆ ಬೇರೆ ಯಾರಾದ್ರೂ ಆಗ್ಬಹುದಾ?" ಎಂದು ಕೇಳಿದರು. ನಾನು ತೆಗೆದುಕೊಂಡು ಮುರಿದೆ.

ಮೇಜಿನ ಅಂಚಿಗೆ ಹಾಕಬೇಕಾದ ಫಲಕ ಅದೇ ದಿನ ಪ್ರಿಂಟಾಗಿ ಬಂತು. 'ಹೀಗೆ ಅಜ್ಟೆಕರು ಕಣ್ಮರೆಯಾದರು' ಎಂದು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಇತ್ತು. ಟೀಚರ್ ಓದಿದರು. ಫಲಕವನ್ನು ಮೇಜಿನ ಮೇಲೆ ಕವುಚಿಟ್ಟರು.

"ನಾನು ಯಾರು ಹಾಗಾದರೆ?" ಎಂದರು.

ಅವರು ಮುಖ ತೊಳೆದುಕೊಳ್ಳಲು ಹೋದರು. ಬಂದ ಮೇಲೆ ನಾನು ಕೇಳಿದೆ, "ನಗರ ಬಿದ್ದ ಮರುದಿನ ಬದುಕಿದ್ದವರು ಎಂತ ಮಾಡಿದರು?"

"ಅದನ್ನು ಯಾರೂ ಕೇಳುವುದಿಲ್ಲ," ಎಂದರು. ಆಮೇಲೆ ಹೇಳಿದರು. ದೇವಾಲಯದ ಕಲ್ಲು ಕಿತ್ತು ಹೊಸ ಒಡೆಯರ ಮನೆ, ಚರ್ಚು ಕಟ್ಟುವುದಕ್ಕೆ ಅವರನ್ನೇ ದುಡಿಸಿದರು. ರೋಗ ಮತ್ತೆ ಮತ್ತೆ ಬಂತು. ಆದರೂ ದಕ್ಷಿಣದ ಕಡೆಯ ಚಿನಾಂಪಗಳಲ್ಲಿ ಜನ ಮರುವರ್ಷವೇ ಮೆಕ್ಕೆಜೋಳ ಹಾಕಿದರು, ಹೊಸ ನಗರಕ್ಕೂ ಉಣ್ಣಬೇಕಲ್ಲ. ಸರೋವರದ ಬಹುಭಾಗ ಈಗ ಬತ್ತಿಹೋಗಿ ಮೆಕ್ಸಿಕೋ ನಗರದ ಕೆಳಗಿದೆ. ಆದರೆ ದಕ್ಷಿಣದ ಅಂಚಿನಲ್ಲಿ ಕೆಲವು ಕಾಲುವೆ, ಕೆಲವು ಚಿನಾಂಪ ಇಂದಿಗೂ ಇವೆ. ಅವರ ಸೋದರಮಾವ ಅಲ್ಲಿ ಸೊಪ್ಪು ಬೆಳೆಯುತ್ತಾರೆ. ನಾವಾತ್ಲ್ ಭಾಷೆಯನ್ನು ಲಕ್ಷಾಂತರ ಜನ ಇಂದಿಗೂ ಆಡುತ್ತಾರೆ. ಟೀಚರ ತಾಯಿ ಶಾಲೆಯಲ್ಲಿ ಆ ಭಾಷೆ ಆಡಿ ಪೆಟ್ಟು ತಿಂದದ್ದರಿಂದ ಮಗಳಿಗೆ ಕಲಿಸಲಿಲ್ಲ. ಮಗಳು ಮೂವತ್ತು ದಾಟಿದ ಮೇಲೆ ಅಜ್ಜಿಯ ಮುಂದೆ ಕುಳಿತು ಕಲಿತರು.

ಫೋನಿನಲ್ಲಿ ಸೋದರಮಾವನ ಫೋಟೋ ತೋರಿಸಿದರು. ಚಪ್ಪಟೆ ದೋಣಿ, ಅದರ ತುಂಬ ಮೂಲಂಗಿ, ಬೇಸ್‌ಬಾಲ್ ಟೋಪಿ ಹಾಕಿಕೊಂಡು ಹುಟ್ಟು ಹಿಡಿದ ಮುದುಕ. ನಮ್ಮ ಕುದ್ರುವಿನ ಯಾರನ್ನಾದರೂ ತಂದು ಆ ದೋಣಿಯಲ್ಲಿ ನಿಲ್ಲಿಸಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

"ಇದನ್ನು ಮಾಡುವ," ಎಂದೆ, ಕನ್ನಡದಲ್ಲಿಯೇ. ಆಚಾರ್ರು ನನ್ನ ಮುಖ ನೋಡಿದರು. "ಮೂರನೆಯ ಮೇಜು. ಸಣ್ಣದು. ಇವತ್ತಿನ ತೋಟ."

"ಡ್ರಾಯಿಂಗ್ ಉಂಟಾ?"

"ಇಲ್ಲ."

"ಮುದೀರನಿಗೆ ಹೇಳಿದ್ಯಾ?" ಮುದೀರ್ ಎಂದರೆ ಮ್ಯಾನೇಜರ್.

"ಇಲ್ಲ."

ಅವರು ಬಿರುಕುಬಿಟ್ಟ ಹಳೆಯ ಸರೋವರ ಗೋಡೆಗೆ ಒರಗಿದ್ದಲ್ಲಿಗೆ ಹೋಗಿ ಅದರ ಮೇಲೆ ಕೈಯಾಡಿಸಿದರು. ದಕ್ಷಿಣದ ಮೂಲೆಯಲ್ಲಿ ಎರಡಡಿಯಷ್ಟು ಜಾಗ ಬಿರುಕಿಲ್ಲದೆ ತಿಳಿಯಾಗಿ ಉಳಿದಿತ್ತು. "ಇಷ್ಟು ಕತ್ತರಿಸಿ ಕೊಡ್ತೇನೆ," ಎಂದರು.

ಮೂರು ದಿನ ಊಟದ ಬಿಡುವಿನಲ್ಲಿ ಅದನ್ನು ಕಟ್ಟಿದೆವು. ಮನೆಯಲ್ಲಿ ಮಗಳಿಗೆ ಹೇಳಿದಾಗ ಅವಳು ಮೊದಲ ಬಾರಿಗೆ ಫೋನ್ ಕೆಳಗಿಟ್ಟಳು.

"ಈಸ್ ದೇರ್ ಆ್ಯನ್ ಆಕ್ಸೊಲಾಟಲ್? ಇಟ್ ಲಿವ್ಸ್ ದೇರ್ ಮಮ್ಮಿ, ಇನ್ ದೋಸ್ ಕೆನಾಲ್ಸ್. ಇಟ್ಸ್ ಇನ್ ಮೈ ಗೇಮ್."

ಅದು ನಗುಮುಖದ ಒಂದು ಪುಟ್ಟ ಜಲಚರ, ಕುತ್ತಿಗೆಯ ಎರಡೂ ಕಡೆ ಗರಿಗಳಂಥ ಕಿವಿರು. ಹೆಸರು ನಾವಾತ್ಲ್‌ನದೇ. ಮಗಳು ಚಿತ್ರ ಬರೆದುಕೊಟ್ಟಳು. ಅಕ್ಕಿಕಾಳಿನಷ್ಟು ದೊಡ್ಡದಾಗಿ ಒಂದನ್ನು ಮಾಡಿ ಕಾಲುವೆಯ ದಡದಲ್ಲಿಟ್ಟೆ. ದೋಣಿಯಲ್ಲಿ ಟೋಪಿಯ ಮುದುಕ. ಮೂಲಂಗಿ. ಶಾಲೆಯ ಚೀಲ ಹೊತ್ತ ಒಬ್ಬ ಹುಡುಗಿ. ಹಿಂದೆ ದೂರದಲ್ಲಿ ಇಂದಿನ ಮೆಕ್ಸಿಕೋ ನಗರದ ಕಟ್ಟಡಗಳು. ಅವುಗಳಿಗೆ ನಮ್ಮ ಗೋಪುರಗಳ ತುಣುಕುಗಳೇ ಸಾಕಾದವು.

ಡಿಸೈನರ್ ನೋಡಲು ಬರುವ ದಿನ ಬೆಳಿಗ್ಗೆ ಮ್ಯಾನೇಜರಿಗೆ ತೋರಿಸಿದೆವು. ಅವರ ದನಿ ಮತ್ತೆ ಇಳಿಯಿತು.

"ಎರಡು ಮೇಜು ಎಂದು ಅಪ್ರೂವ್ ಆಗಿದೆ. ಎರಡು. ಮೂರನೆಯದು ಮಾಫಿ. ಖಲಾಸ್."

ಮಾಫಿ ಎಂದರೆ ಅರಬ್ಬಿಯಲ್ಲಿ ಇಲ್ಲ, ಖಲಾಸ್ ಎಂದರೆ ಮುಗಿಯಿತು. ಮೂರನೆಯದನ್ನು ನಾನು ಬಟ್ಟೆ ಮುಚ್ಚಿ ಮೂಲೆಗಿಟ್ಟೆ. ಸಾಧಾರಣವಾಗಿ ನಾನು ಗಿರಾಕಿಗಳ ಮುಂದೆ ಮಾತನಾಡುವವಳಲ್ಲ. ಆದರೆ ಡಿಸೈನರ್ ಎರಡನೆಯ ಮೇಜಿನ ಮುಂದೆ ನಿಂತು, "ಮಕ್ಕಳು ಇದನ್ನು ನೋಡಿ ಏನು ಹೊತ್ತುಕೊಂಡು ಮನೆಗೆ ಹೋಗುತ್ತಾರೋ, ಸ್ವಲ್ಪ ಭಾರವಾಯಿತೇನೋ," ಎಂದು ತಮಗೆ ತಾವೇ ಎನ್ನುವಂತೆ ಹೇಳಿದರು. ನಾನು ಹೋಗಿ ಬಟ್ಟೆ ತೆಗೆದೆ.

ಅವರು ಬಗ್ಗಿ ನೋಡಿದರು. ಟೋಪಿಯನ್ನು, ಮೂಲಂಗಿಯನ್ನು, ಆ ಅಕ್ಕಿಕಾಳಿನ ಪ್ರಾಣಿಯನ್ನು. "ಇವರು ಯಾರು?" ಎಂದರು.

"ನನ್ನ ಮಾವ," ಎಂದರು ಟೀಚರ್. ಆಮೇಲೆ ಕವುಚಿಟ್ಟ ಫಲಕವನ್ನು ಎತ್ತಿ ಅವರ ಕೈಗೆ ಕೊಟ್ಟರು. "ಇದನ್ನು ಬದಲಿಸಬೇಕು."

ಡಿಸೈನರ್ ಓದಿದರು, ಟೀಚರ ಮುಖ ನೋಡಿದರು, ಅವರ ಕಿವಿ ಕೆಂಪಾಯಿತು. ಕ್ಷಮೆ ಕೇಳಿದರು. ಹೊಸ ಫಲಕವನ್ನು ಟೀಚರೇ ಬರೆಯಲಿ ಎಂದರು. ಮೂರನೆಯ ಮೇಜಿಗೂ ಜಾಗವಿದೆ, ಹೊರಹೋಗುವ ಬಾಗಿಲ ಪಕ್ಕದಲ್ಲಿ, ಎಂದರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, "ನಾವೂ ಹಾಗೇ ಯೋಚಿಸಿದ್ದೆವು," ಎಂದರು. ಆಚಾರ್ರು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಪ್ರದರ್ಶನ ತೆರೆದ ಮೇಲಿನ ಭಾನುವಾರ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಅಬುಧಾಬಿಗೆ ಹೋದೆ. ಬೆಳಿಗ್ಗೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನ ಅಕ್ಕನ ಮನೆಯಲ್ಲಿ ತಿಂಡಿ ತಿಂದು, ಅವಳನ್ನೂ ಎಳೆದುಕೊಂಡು ಹೊರಟೆವು. ಒಳಗೆ ಮಕ್ಕಳ ಗದ್ದಲ. ಎಮಿರಾತಿ ಮಕ್ಕಳು, ಫಿಲಿಪಿನೋ ಮಕ್ಕಳು, ನಮ್ಮವು. ಮೊದಲ ಮೇಜಿನ ಹತ್ತಿರ ಕೂಗಾಟ, ಎರಡನೆಯದರ ಹತ್ತಿರ ಪಿಸುಮಾತು. ಮೂರನೆಯದರ ಬಳಿ ಎಲ್ಲರೂ ಮಂಡಿಯೂರಿ ಗಾಜಿಗೆ ಮೂಗು ಒತ್ತಿಕೊಂಡು ಆ ಪ್ರಾಣಿಯನ್ನು ಹುಡುಕುತ್ತಿದ್ದರು.

ಫಲಕದ ಮೇಲೆ ಟೀಚರ್ ಎರಡೇ ಸಾಲು ಬರೆದಿದ್ದರು. 'ನಗರ ಬಿತ್ತು. ಜನ ಉಳಿದರು, ಇವತ್ತು ಬೆಳಿಗ್ಗೆಯೂ ಅವರು ತೋಟಕ್ಕೆ ನೀರು ಹಾಕಿದ್ದಾರೆ.' ಮೇಲೆ ಅರಬ್ಬಿ, ನಡುವೆ ಇಂಗ್ಲಿಷ್, ಕೆಳಗೆ ನಾವಾತ್ಲ್.

ಮಗಳು ನನ್ನ ಅಕ್ಕನ ಕೈ ಹಿಡಿದು ಮೊದಲ ಮೇಜಿನಿಂದ ಎಲ್ಲವನ್ನೂ ವಿವರಿಸುತ್ತ ಬಂದಳು. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ಮಗಳು ತಡವರಿಸುತ್ತ, ಕ್ರಿಯಾಪದಗಳನ್ನು ಎಲ್ಲೆಲ್ಲಿಗೋ ಹಾಕುತ್ತ, ಕೊಂಕಣಿಯಲ್ಲಿ ಹೇಳುತ್ತಿದ್ದಳು. ಉಪ್ಪುನೀರನ್ನು ತಡೆಯುವ ಗೋಡೆಗೆ ಕೊಂಕಣಿಯಲ್ಲಿ ಏನೆನ್ನುತ್ತಾರೆ ಎಂದು ತಿರುಗಿ ನನ್ನನ್ನು ಕೇಳಿದಳು. ಹೇಳಿದೆ. ಅವಳು ಎರಡು ಸಲ ಉಚ್ಚರಿಸಿ ನೋಡಿ ಮುಂದುವರಿಸಿದಳು. ನಾನು ಹಿಂದೆಯೇ ಉಳಿದು, ಜನರ ನಡುವೆ ಅವರಿಬ್ಬರ ತಲೆಗಳನ್ನು ನೋಡುತ್ತ ನಿಂತೆ.

ಮಾದರಿಗಳ ಆಯಸ್ಸು ಹೆಚ್ಚಲ್ಲ. ಪ್ರದರ್ಶನ ಮುಗಿದರೆ ಒಡೆದು ಎಸೆಯುವುದೇ ರೂಢಿ. ಮೊದಲ ಎರಡು ಮೇಜುಗಳಿಗೆ ಅದೇ ಆಯಿತು. ಮೂರನೆಯದನ್ನು ಟೀಚರ್ ಕೇಳಿ ತೆಗೆದುಕೊಂಡು ಹೋಗಿ ಮಿರ್ದಿಫ್‌ನ ತಮ್ಮ ಶಾಲೆಯ ಪಡಸಾಲೆಯಲ್ಲಿ ಇಟ್ಟಿದ್ದಾರೆ. ನಮ್ಮ ಮನೆಯೂ ಅದೇ ಕಡೆ, ನಡೆದು ಹೋಗುವಷ್ಟು ಹತ್ತಿರ. ತಿಂಗಳಿಗೊಂದು ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ನನ್ನನ್ನು ಅವರ ಕ್ಲಾಸಿಗೆ ಕಳಿಸಬೇಕೆಂದು ಅವರು ನಮ್ಮ ಮ್ಯಾನೇಜರಿಗೆ ಪತ್ರ ಬರೆದರು. ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿ, "ಎರಡು ಗಂಟೆ. ಅದರ ಮೇಲೆ ಮಾಫಿ," ಎಂದರು. ಹೋಗುವ ದಿನ ವರ್ಕ್‌ಶಾಪಿನಿಂದ ಕಾರು ಕೊಟ್ಟು ಕಳಿಸಿದ್ದೂ ಅವರೇ.

ಮೊದಲ ಶುಕ್ರವಾರ ಅಗಲವಾದ ಟ್ರೇಗಳಲ್ಲಿ ನೀರು ತುಂಬಿಸಿ, ಐಸ್‌ಕ್ರೀಮ್ ಕಡ್ಡಿಗಳ ಬೇಲಿ ಹೆಣೆದು, ಮಕ್ಕಳ ಕೈಯಲ್ಲೇ ನಿಜವಾದ ಕೆಸರು ಹಾಕಿಸಿದೆ. ಮೊದಲು ಮೂಗು ಮುಚ್ಚಿದವರು ಹತ್ತು ನಿಮಿಷದಲ್ಲಿ ಮೊಣಕೈವರೆಗೆ ಕೆಸರಾಗಿದ್ದರು. ಒಬ್ಬಳ ತೋಟ ಮತ್ತೆ ಮತ್ತೆ ಕುಸಿಯುತ್ತಿತ್ತು. ಅಳುಮುಖ ಮಾಡಿದಳು. ಅವಳ ಪಕ್ಕ ಕುಳಿತು, ಮೊದಲು ಹುಲ್ಲು, ಆಮೇಲೆ ಕೆಸರು, ಒತ್ತು, ಇನ್ನೊಮ್ಮೆ ಹುಲ್ಲು, ಅವಸರ ಬೇಡ ಎಂದೆ. ಹಾಗೆ ಹೇಳುವ ಹಕ್ಕು ನನಗೆ ಚೆನ್ನಾಗಿಯೇ ಬಂದಿತ್ತು. ಮೂರನೆಯ ಸಲಕ್ಕೆ ನಿಂತಿತು. ಟೀಚರ್ ಪ್ರತಿಯೊಬ್ಬರಿಗೂ ನಾಲ್ಕು ನಾಲ್ಕು ಕೊತ್ತಂಬರಿ ಬೀಜ ಹಂಚಿದರು.

ಎರಡನೆಯ ಸಲ ಹೋದಾಗ ಕಿಟಕಿಯ ಕೆಳಗೆ ಹದಿನಾಲ್ಕು ಟ್ರೇಗಳಲ್ಲೂ ಹಸಿರು ಎದ್ದಿತ್ತು. ಮಕ್ಕಳು ಕತ್ತರಿ ಹಿಡಿದುಕೊಂಡು ಕಾಯುತ್ತಿದ್ದರು, ನಾನು ಬರುವ ಮೊದಲು ಕೊಯ್ಯಬಾರದು ಎಂದು ಟೀಚರ್ ಹೇಳಿದ್ದರಂತೆ. ಕುಸಿದು ಕುಸಿದು ನಿಂತ ತೋಟದ ಹುಡುಗಿ ಒಂದು ಎಳೆ ಕಿತ್ತು ಮೊದಲು ನನ್ನ ಬಾಯಿಗೇ ಕೊಟ್ಟಳು.